ಜೇನುಪೆಟ್ಟಿಗೆಯ ಮುಚ್ಚಳ

ಕಾಸರಗೋಡಿನ ಗೇರುಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಗೇರಿನ ಚಿಗುರು ಹೂಗಳನ್ನು ಕೆಡಿಸುವ ಟೀ ಸೊಳ್ಳೆಯನ್ನು ಕೊಲ್ಲುವ ವಿಷ ಅದು. ಬಾವಿ ಮುಚ್ಚಿಡಿರೆಂದು ನಮಗೆ ಸೂಚನೆ ಬರುತ್ತಿತ್ತು. ನಮ್ಮದೋ ಗುಡ್ಡದ ಸುರಂಗದಿಂದ ಹರಿದುಬರುವ ನೀರು. ಅದನ್ನು ಮುಚ್ಚುವುದು ಹೇಗೆ?

ನೆರೆಮನೆಯ ಮಾವ ಜೇನು ಸಾಕುತ್ತಿದ್ದರು. ಸಿಂಪಡಣೆಯ ಮರುದಿನ ಪೆಟ್ಟಿಗೆಯ ಸುತ್ತ ನೊಣಗಳು ಸತ್ತು ಬಿದ್ದಿರುತ್ತಿದ್ದವು. ಒಂದು ಸಭೆಯಲ್ಲಿ ಅವರು ಎದ್ದುನಿಂತು ಅದನ್ನೇ ಹೇಳಿದರು.

“ತಾವು ರಸಾಯನಶಾಸ್ತ್ರ ಓದಿದ್ದೀರಾ?” ವೇದಿಕೆಯ ಮೇಲಿದ್ದವರೊಬ್ಬರು ಕೇಳಿದರು.

“ಇಲ್ಲ ಸ್ವಾಮೀ. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ್ದೇನೆ.”

“ಹಾಗಾದರೆ ಓದಿದವರು ಹೇಳುವುದನ್ನು ಕೇಳಿ.”

ಸಭೆ ನಕ್ಕಿತು. ಕಾಲೇಜಿನಲ್ಲಿ ಅದೇ ಶಾಸ್ತ್ರವನ್ನು ಓದುತ್ತಿದ್ದ ನನಗೂ ಆ ಮಾತು ಸರಿಯೆನಿಸಿತು. ನಾನೇ ಮಾವನ ಕೈ ಎಳೆದು ಕೂರಿಸಿದೆ.

ಮಾವ ಹೇಳಿದ್ದಕ್ಕೆ ಅಂದು ಉತ್ತರವೇ ಬರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಯಾವ ಕಾಯಿಲೆಗೆ ಯಾವ ವಿಷ ಕಾರಣವೆಂದು ಹೇಳಲು ಓದು ಬೇಕು, ಒಪ್ಪುತ್ತೇನೆ. ಸತ್ತ ನೊಣಗಳನ್ನು ಕಾಣಲು ಬೇಕೇ? ಸಾರಿಗೆ ಉಪ್ಪು ಹೆಚ್ಚಾಯಿತು ಎಂದವನನ್ನು ‘ನಿನಗೆ ಅಡುಗೆ ಬರುತ್ತದೆಯೇ’ ಎಂದು ಗದರಿಸಿದರೆ ಉಪ್ಪೇನೂ ಕಡಿಮೆಯಾಗುವುದಿಲ್ಲ. ಓದಿದ್ದವರು ಒಮ್ಮೆ ಆ ಪೆಟ್ಟಿಗೆಯವರೆಗೆ ಬರಬಹುದಿತ್ತು. ಪಕ್ಕದ ಮನೆಯವನಾದ ನಾನೂ ಹೋಗಿ ನೋಡಿರಲಿಲ್ಲ.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಪತ್ರಿಕೆ ಹಿಡಿದು ಮಾವನ ಮನೆಗೆ ಓಡಿದೆ. ಅವರು ನಿಧಾನವಾಗಿ ಓದಿ, ಮಡಚಿಟ್ಟು ಕೇಳಿದರು:

“ಆ ದಿನ ನನ್ನನ್ನು ಕೂರಿಸಿದ್ದು ಯಾಕೆ ಮಾರಾಯಾ?”