ಉಪ್ಪು ಕಡಿಮೆಯಾದ ಬುಂದಲ

ಸಾರಿಗೆ ಉಪ್ಪು ಕಡಿಮೆಯಾದರೆ ಎಲೆಯ ತುದಿಗೆ ಚಿಟಿಕೆ ಬಡಿಸಿದರಾಯ್ತು ಅಂತೀವಿ, ಅಲ್ಲವೇ? ಆದರೆ ಉಪ್ಪು ಸಾಲದೆಂದು ಪಂಕ್ತಿಯಿಂದಲೇ ಎದ್ದುಹೋದ ಅತಿಥಿಗಳ ಕಥೆ ನಿಮಗೆ ಗೊತ್ತೇ? ಅದನ್ನು ತಿಳಿಯಲು ನೀವು ಶ್ರೀಲಂಕೆಯ ಬುಂದಲಕ್ಕೆ ಹೋಗಬೇಕು.

ಕೊಲಂಬೋದಿಂದ ಸುಮಾರು 250 ಕಿಲೋಮೀಟರ್ ದೂರ, ಹಂಬನ್‌ತೋಟ ಮತ್ತು ತಿಸ್ಸಮಹಾರಾಮಗಳ ನಡುವೆ, ಕಡಲಿಗೆ ಅಂಟಿಕೊಂಡ ರಾಷ್ಟ್ರೀಯ ಉದ್ಯಾನ ಇದು. ಉದ್ಯಾನ ಎಂದೊಡನೆ ಲಾಲ್‌ಬಾಗ್ ನೆನೆಯಬೇಡಿ! ಹೂಪಾತಿ, ಕಾರಂಜಿ ಒಂದೂ ಇಲ್ಲ. ಅತ್ತ ಮರಳ ದಿಬ್ಬ, ಅದರಾಚೆ ಸಮುದ್ರ. ಇತ್ತ ಮುಳ್ಳುಪೊದೆಗಳ ಕಾಡು. ನಡುವೆ ಆಳವಿಲ್ಲದ ಸವಳು ನೀರಿನ ಹರವುಗಳು. ಇವಕ್ಕೆ ಲಗೂನ್ ಎನ್ನುತ್ತಾರೆ. ಬುಂದಲ, ಮಲಾಲ, ಎಂಬಿಲಿಕಲ ಎಂದು ಅವುಗಳ ಹೆಸರು. ಪಕ್ಕದಲ್ಲೇ ಉಪ್ಪಿನಾಗರಗಳೂ ಉಂಟು. ನಮ್ಮ ಸಾಣಿಕಟ್ಟೆ ನೋಡಿದವರಿಗೆ ಅದು ಹೊಸತೆನಿಸದು.

1990ರಲ್ಲಿ ರಾಮ್ಸಾರ್ ಒಪ್ಪಂದದಡಿ ಮನ್ನಣೆ ಪಡೆದ, ಆ ದ್ವೀಪದ ಮೊದಲ ಜೌಗುಪ್ರದೇಶ ಇದು. 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆನೆ, ಮೊಸಳೆಗಳಿವೆ. ಕಡಲಾಮೆಗಳು ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಕೊಕ್ಕರೆ ಬೆಳ್ಳೂರಿನಲ್ಲಿ ಕಾಣುವ ಬಣ್ಣದ ಕೊಕ್ಕರೆಯನ್ನು ಇಲ್ಲಿಯೂ ನೋಡಬಹುದು.

ಆದರೆ ಬುಂದಲ ಹೆಸರಾಗಿದ್ದು ರಾಜಹಂಸಗಳಿಂದ. ಚಳಿಗಾಲದಲ್ಲಿ ಸಾವಿರಕ್ಕೂ ಮಿಕ್ಕಿ ಬಂದು, ನೀರಿನ ಮೇಲೆ ಗುಲಾಬಿ ಸೀರೆ ಹರವಿದಂತೆ ನಿಲ್ಲುತ್ತಿದ್ದವಂತೆ. ಉಪ್ಪುನೀರಿನಲ್ಲಿ ಬೆಳೆಯುವ, ಸೀಗಡಿಯನ್ನು ಹೋಲುವ ಪುಟ್ಟ ಜೀವಿಗಳೇ ಅವಕ್ಕೆ ಊಟ. ಮೈಯ ಗುಲಾಬಿ ಬಣ್ಣವೂ ಆ ಆಹಾರದ್ದೇ.

1980ರ ದಶಕದಲ್ಲಿ ಮೇಲುಭಾಗದ ಕಿರಿಂದಿ ಓಯಾ ನದಿಗೆ ಲುಣುಗಂವೆಹೆರ ಜಲಾಶಯ ಕಟ್ಟಿದರು. ಬತ್ತದ ಗದ್ದೆಗಳು ಹಸಿರಾದವು. ಒಣ ಸೀಮೆಯ ರೈತನ ಮನೆಯಲ್ಲಿ ಅನ್ನ ಬೆಂದರೆ ಬೇಡವೆನ್ನುವವರು ಯಾರು? ಆದರೆ ಗದ್ದೆಯಲ್ಲಿ ಮಿಕ್ಕ ಸಿಹಿನೀರು ಹರಿದು ಎಂಬಿಲಿಕಲಕ್ಕೆ, ಅಲ್ಲಿಂದ ಮಲಾಲಕ್ಕೆ ಸೇರಿತು. ಉಪ್ಪು ತೆಳುವಾಯಿತು, ಆ ಪುಟ್ಟ ಜೀವಿಗಳು ಕರಗಿದವು. ರಾಜಹಂಸಗಳ ದೊಡ್ಡ ಹಿಂಡುಗಳೂ ಬರುವುದನ್ನು ಬಿಟ್ಟವು. ಬೇಟೆಯಿಲ್ಲ, ಬೆಂಕಿಯಿಲ್ಲ, ಬೇಲಿಯೊಳಗಿನ ಉದ್ಯಾನವನ್ನು ಬೇಲಿಯಾಚೆಯ ನೀರು ಬದಲಿಸಿತು, ನೋಡಿ!

ಸವಳು ನೆಲ ಸುಧಾರಿಸಲೆಂದು ಆ ಸೀಮೆಗೆ ತಂದ ಗಿಡವೊಂದು ಈಗ ಉದ್ಯಾನದೊಳಗೂ ಹಬ್ಬಿದೆ. ಯಾವುದು ಗೊತ್ತೇ? ನಮ್ಮ ಬಳ್ಳಾರಿ ಜಾಲಿ! ಅದೂ ಒಳ್ಳೆಯದಾಗಲೆಂದೇ ತಂದದ್ದು.

ಹಾಗೆಂದು ಹೋಗದೆ ಇರಬೇಡಿ. ವಲಸೆ ಹಕ್ಕಿಗಳಿಗಾಗಿ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ತಿಸ್ಸಮಹಾರಾಮದಲ್ಲಿ ಜೀಪು ಸಿಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೊರಡಿ. ನೆರಳು ಕಡಿಮೆ, ನೀರು, ಟೋಪಿ, ಮಕ್ಕಳಿಗೆ ತಿಂಡಿ ಕೈಯಲ್ಲಿರಲಿ.

ರಾಜಹಂಸ ಕಾಣದಿದ್ದರೆ ಮಕ್ಕಳು "ಯಾಕಮ್ಮಾ ಇಲ್ಲ?" ಅಂತ ಕೇಳಿಯಾರು. ಉಪ್ಪಿನ ಹದ ಬಲ್ಲವರು ನೀವು. ನಿಮಗಿಂತ ಚೆನ್ನಾಗಿ ಇನ್ನಾರು ಹೇಳಿಯಾರು?