ಮೊಳೆಯಿಲ್ಲದ ದೀಪ

ಸ್ವಂತ ಮನೆಗೂ ಬಾಡಿಗೆಯ ಮನೆಗೂ ಇರುವ ಭೇದವೇನೆಂದು ಯಾರಾದರೂ ಕೇಳಿದರೆ ನಾನು ಒಂದೇ ಮಾತಿನಲ್ಲಿ ಉತ್ತರ ಹೇಳಬಲ್ಲೆ: ಮೊಳೆ. ಸ್ವಂತ ಮನೆಯವನು ತನ್ನ ತಾತನ ಪಟವನ್ನು ಎಲ್ಲಿ ತೂಗುಹಾಕಬೇಕೆನಿಸಿದರೆ ಅಲ್ಲಿ ಮೊಳೆ ಹೊಡೆಯುತ್ತಾನೆ. ಅದು ಸರಿಕಾಣದಿದ್ದರೆ ಒಂದು ಗೇಣು ಆಚೆಗೆ ಮತ್ತೊಂದನ್ನು ಹೊಡೆಯುತ್ತಾನೆ, ಯಾರೂ ಕೇಳುವವರಿಲ್ಲ. ಬಾಡಿಗೆಯವನ ತಾತನಾದರೋ ಕುರ್ಚಿಯ ಮೇಲೆ ಗೋಡೆಗೊರಗಿ ಕುಳಿತಿರಬೇಕು. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬದಲಾದರೆ ತಾತನೂ ಕುರ್ಚಿಯೂ ಕೂಡಿಯೇ ಹೊರಡುವುದು ಸುಲಭ. ಈ ಹನ್ನೊಂದು ತಿಂಗಳ ಲೆಕ್ಕವೂ ಅರ್ಥವಿಲ್ಲದ್ದಲ್ಲ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂದು ೧೯೦೮ರ ನೋಂದಣಿ ಕಾಯಿದೆ ವಿಧಿಸಿರುವುದರಿಂದ ನಮ್ಮಂಥವರ ಬಾಳು ಹನ್ನೊಂದು ಹನ್ನೊಂದು ತಿಂಗಳ ತುಂಡುಗಳಾಗಿ ಸಾಗುತ್ತದೆ.

ನಾವಿರುವುದು ಅರಸೀಕೆರೆಯಲ್ಲಿ, ಒಂದು ಮನೆಯ ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನರು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಕರಾರಿಗೆ ರುಜು ಹಾಕಿದ ದಿನ ಅವರು ಬಾಡಿಗೆಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿ, ಗೋಡೆಯ ವಿಷಯವನ್ನು ಅರ್ಧ ಗಂಟೆ ಮಾತನಾಡಿದರು. “ಮೇಷ್ಟ್ರೇ, ಡ್ರಿಲ್ ಮಾತ್ರ ಹಾಕಿಸಬೇಡಿ” ಎಂದು ಹೇಳಿ, ಬಾಲ್ಕನಿಗೆ ಕರೆದೊಯ್ದು ಗೋಡೆಯಲ್ಲಿ ಅಂಗೈಯಗಲದ ಒಂದು ಗಾಯವನ್ನು ತೋರಿಸಿದರು. ಹಿಂದಿನ ಬಾಡಿಗೆದಾರರು ಮೊಳೆ ಹೊಡೆಯಬಾರದೆಂಬ ನಿಯಮವನ್ನು ಪಾಲಿಸಲೆಂದೇ ಅಂಟಿನ ಕೊಕ್ಕೆಯೊಂದನ್ನು ಹಚ್ಚಿ ಅದಕ್ಕೆ ದೀಪ ತೂಗಿದ್ದರಂತೆ. ಒಂದು ರಾತ್ರಿ ದೀಪವೂ ಕೊಕ್ಕೆಯೂ ಬಣ್ಣದ ಒಂದು ದೊಡ್ಡ ಚಕ್ಕೆಯೂ ಒಟ್ಟಿಗೆ ಕೆಳಗಿಳಿದವು. ಯಜಮಾನರು ಅದನ್ನು ಸರಿಪಡಿಸಿಲ್ಲ. ಮುಂದೆ ಬರುವವರಿಗೆ ಪಾಠವಾಗಲೆಂದು ಹಾಗೆಯೇ ಉಳಿಸಿಕೊಂಡಿದ್ದಾರೆ. ನಿವೃತ್ತಿಯ ಹಣವನ್ನೆಲ್ಲ ಸುರಿದು ಕಟ್ಟಿಸಿದ ಗೋಡೆ. ಅದರ ನೋವು ಅವರಿಗೆ ತಮ್ಮ ಮೈಯ ನೋವಿನಂತೆಯೇ ಇದ್ದರೆ ತಪ್ಪೆನ್ನಲಾಗದು.

ಬಾಲ್ಕನಿಯಲ್ಲಿ ದೀಪವಿಲ್ಲದೆ ನಾವು ಎರಡು ವರ್ಷ ಸುಖವಾಗಿಯೇ ಇದ್ದೆವು. ಕಳೆದ ವರ್ಷ ನಮ್ಮ ತಾಯಿಯವರು ಬಂದರು. ತಂದೆಯವರು ತೀರಿಕೊಂಡ ಮೇಲೆ ಬೇಲೂರಿನ ಬಳಿಯ ಹಳ್ಳಿಯಲ್ಲಿ ಅವರೊಬ್ಬರೇ ಇರುವುದು ಬೇಡವೆಂದು ನಾವೇ ಒತ್ತಾಯದಿಂದ ಕರೆತಂದೆವು. ಜೊತೆಯಲ್ಲಿ ಒಂದು ಕುಂಡದಲ್ಲಿ ತುಳಸಿಯೂ ಬಂತು. ಅದಕ್ಕೆ ಬಾಲ್ಕನಿಯೇ ಅಂಗಳವಾಯಿತು. ಹಳ್ಳಿಯ ಮನೆಯ ಜಗಲಿಯ ಗೋಡೆಯಲ್ಲಿ ದೀಪಕ್ಕೆಂದೇ ಬಿಟ್ಟ ಗೂಡಿತ್ತು. ಅದನ್ನು ಕಟ್ಟಿದವನು ಗೋಡೆ ಏಳುವಾಗಲೇ ದೀಪವನ್ನು ನೆನೆದಿದ್ದ. ಈಗಿನ ಮನೆಗಳಲ್ಲಿ ಗೋಡೆ ಮೊದಲು. ದೀಪದ ನೆನಪು ಆಮೇಲೆ. ಆದುದರಿಂದಲೇ ಮೊಳೆಯೂ ಡ್ರಿಲ್ಲೂ ಬೇಕಾಗಿವೆ.

ತೊಡಕಿದ್ದುದು ಬಾಲ್ಕನಿಯ ಹೊಸ್ತಿಲಲ್ಲಿ. ಕೋಣೆಯ ನೆಲಕ್ಕಿಂತ ಬಾಲ್ಕನಿಯ ನೆಲ ಒಂದು ಗೇಣು ತಗ್ಗು. ಮುಸ್ಸಂಜೆಯಲ್ಲಿ ತಾಯಿಯವರು ಹಣತೆ ಹಿಡಿದು ಹೊರಗೆ ಹೋಗುವಾಗ ಕೋಣೆಯ ದೀಪ ಅವರ ಬೆನ್ನ ಹಿಂದೆ ಇರುತ್ತದೆ. ಅವರ ನೆರಳು ಸರಿಯಾಗಿ ಆ ಮೆಟ್ಟಿಲ ಮೇಲೆಯೇ ಬೀಳುತ್ತದೆ. ಕೈಯ ಹಣತೆ ಕಣ್ಣನ್ನು ಬೆಳಗುತ್ತದೆಯೇ ಹೊರತು ಕಾಲನ್ನು ಬೆಳಗುವುದಿಲ್ಲ. ಒಂದು ಸಂಜೆ ಅವರು ಮುಗ್ಗರಿಸಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತರು. ಬೀಳಲಿಲ್ಲ, ಎಪ್ಪತ್ತರ ವಯಸ್ಸಿನಲ್ಲಿ ಬೀಳದಿರುವುದು ದೊಡ್ಡ ಮಾತು. ಆದರೆ ಮರುದಿನ ಹೇಳಿದರು: “ನಮ್ಮೂರಿನ ಕತ್ತಲೆ ನನಗೆ ಗೊತ್ತಪ್ಪ. ಇಲ್ಲಿನ ಕತ್ತಲೆ ಗೊತ್ತಿಲ್ಲ. ದೀಪಾವಳಿ ಕಳೆದ ಮೇಲೆ ನನ್ನನ್ನು ಊರಿಗೆ ಬಿಟ್ಟು ಬಾ.” ಸೊಸೆಯ ಮೇಲಾಗಲಿ ಮೊಮ್ಮಗಳ ಮೇಲಾಗಲಿ ಅವರಿಗೆ ದೂರಿರಲಿಲ್ಲ, ದೂರಿದ್ದುದು ಒಂದು ಗೇಣು ಕತ್ತಲೆಯ ಮೇಲೆ. ಅಷ್ಟರ ಮಟ್ಟಿಗೆ ಬಾಲ್ಕನಿಯ ದೀಪವು ಅಲಂಕಾರದ ವಿಷಯವಾಗಿ ಉಳಿಯಲಿಲ್ಲ.

ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿದೆ. ಮೊಳೆಯಿಲ್ಲದೆ ದೀಪವಿಡುವ ಉಪಾಯಗಳು ಇಷ್ಟೊಂದಿವೆಯೆಂದು ನಾನು ಊಹಿಸಿರಲಿಲ್ಲ. ಅಂಟಿಸುವ ದೀಪವಿದೆ, ಅದರ ಚರಿತ್ರೆ ನಮ್ಮ ಗೋಡೆಯ ಮೇಲೆಯೇ ಬರೆದಿದೆ. ಅಂಟು ಗಾಜನ್ನೂ ಹೊಳಪಿನ ಟೈಲನ್ನೂ ಬಿಗಿಯಾಗಿ ಹಿಡಿಯುತ್ತದೆ. ಸುಣ್ಣವನ್ನೋ ಡಿಸ್ಟೆಂಪರನ್ನೋ ಬಳಿದ ಗೋಡೆಯಲ್ಲಿ ಅದು ಹಿಡಿಯುವುದು ಗೋಡೆಯನ್ನಲ್ಲ, ಮೇಲಿನ ಪುಡಿಯನ್ನು. ಅಯಸ್ಕಾಂತದ ದೀಪವಿದೆ, ಕಬ್ಬಿಣದ ಸರಳಿಗೆ ಅದು ಒಳ್ಳೆಯದು. ನಮ್ಮ ಕಟಾಂಜನದ ಕೊಳವೆ ತುಕ್ಕು ಹಿಡಿಯದ ಸ್ಟೀಲಿನದು, ಅಂಥ ಸ್ಟೀಲಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಗಳಿಗೆ ಅಯಸ್ಕಾಂತ ಅಂಟುವುದಿಲ್ಲ. ಮಗಳು ತನ್ನ ಆಟಿಕೆಯ ಅಯಸ್ಕಾಂತವನ್ನು ಹಿಡಿದು ಒಂದು ಕ್ಷಣದಲ್ಲಿ ಈ ತತ್ತ್ವವನ್ನು ಸಿದ್ಧಪಡಿಸಿದಳು. ಕೊಳವೆಗೆ ಕಚ್ಚಿಸುವ ಕ್ಲಾಂಪಿನ ದೀಪವಿದೆ. ಅದು ಕಟಾಂಜನದ ಎತ್ತರದಲ್ಲಿ ಒಳಮುಖವಾಗಿ ಉರಿದರೆ ಹೊರಬರುವವರ ಕಣ್ಣಿಗೆ ನೇರವಾಗಿ ಚುಚ್ಚುತ್ತದೆ. ಪೊರೆ ಬರುತ್ತಿರುವ ಕಣ್ಣಿಗೆ ಅಂಥ ಝಗಝಗಿಸುವ ಬೆಳಕು ಕತ್ತಲೆಗಿಂತ ಮೇಲೇನೂ ಅಲ್ಲ. ಸೂರ್ಯಶಕ್ತಿಯ ದೀಪವೂ ಇದೆ. ಆದರೆ ನಮ್ಮ ಬಾಲ್ಕನಿಗೆ ಮೇಲೆ ಚಾವಣಿ. ಬೆಳಗಿನ ಒಂದು ಗಂಟೆಯ ಬಿಸಿಲನ್ನು ಬಿಟ್ಟರೆ ಸೂರ್ಯನಿಗೂ ಅದಕ್ಕೂ ಸಂಬಂಧವಿಲ್ಲ. ಹಗಲೆಲ್ಲ ಉಪವಾಸವಿದ್ದ ದೀಪ ರಾತ್ರಿ ಏನನ್ನು ಉಣಿಸೀತು?

ಒಳಗಿನಿಂದ ತಂತಿಯೆಳೆದು ದೀಪ ಹಾಕಬಹುದೆಂದು ಅಂಗಡಿಯವನು ಹೇಳಿದ. ಹೊಸ್ತಿಲ ಮೇಲೆ ತಂತಿ ಹಾಯ್ದರೆ ಮುಗ್ಗರಿಸುವುದಕ್ಕೆ ಇನ್ನೊಂದು ಕಾರಣವಾಯಿತು. ಮೇಲಾಗಿ ೨೩೦ ವೋಲ್ಟಿನ ತಂತಿ, ಒದ್ದೆ ನೆಲ, ತುಳಸಿಗೆ ನೀರೆರೆಯುವ ಕೈ—ಈ ಮೂರೂ ಒಂದೆಡೆ ಸೇರಬಾರದು. ೩೦ ಮಿಲಿ ಆಂಪಿಯರಿನಷ್ಟು ವಿದ್ಯುತ್ತು ಸೋರಿದೊಡನೆ ಹರಿವನ್ನು ಕಡಿಯುವ ರಕ್ಷಕ ಸಾಧನ ಮನೆಯಲ್ಲಿದ್ದರೂ ಆ ಧೈರ್ಯ ಬೇಡ. ಇಲ್ಲದಿದ್ದರಂತೂ ಮಾತೇ ಬೇಡ. ಅಂಗಡಿಯವನಿಂದ ಎರಡು ವಿಷಯಗಳನ್ನು ಮಾತ್ರ ಕಲಿತು ಬರಿಗೈಯಲ್ಲಿ ಬಂದೆ. ಹೊರಗಿನ ದೀಪದ ಮೇಲೆ ಐಪಿ ಎಂಬ ಗುರುತಿನ ಮುಂದೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ೪೪ ಎಂದಿದ್ದರೆ ಎರಚಲನ್ನು ತಾಳುತ್ತದೆ. ೬೫ ಎಂದಿದ್ದರೆ ಧೂಳು ಹೊಗದು, ನೀರಿನ ಧಾರೆ ಚಿಮ್ಮಿದರೂ ಕೆಡದು. ಇನ್ನೊಂದು, ಬೆಳಕಿನ ಬಣ್ಣದ ಲೆಕ್ಕ. ಅದನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ೬೫೦೦ ಎಂದರೆ ನೀಲಿ ಬೆರೆತ ಬಿಳಿ, ೨೭೦೦ ಎಂದರೆ ಹಣತೆಯ ಕಡೆಗೆ ವಾಲಿದ ಹೊಂಬಣ್ಣ. ನೀಲಿ ಬೆರೆತ ಬೆಳಕಿಗೆ ಹುಳುಗಳು ಹೆಚ್ಚು ಮುತ್ತುತ್ತವೆ. ಹೊಂಬಣ್ಣಕ್ಕೆ ಮುತ್ತುವವರು ನಮ್ಮಂಥ ಮನುಷ್ಯರು.

ಈ ನಡುವೆ ನೆಂಟರು ಬಂದರು. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದಂದಿನಿಂದ, ಅರಸೀಕೆರೆಯಲ್ಲಿ ರೈಲಿಳಿಯುವ ಬಂಧುಗಳ ಸಂಖ್ಯೆ ಹೆಚ್ಚಿದೆ. ಕನ್ನಡದಲ್ಲಿ ಎಂ. ಎ. ಮಾಡಿದವನು ಶಿಲ್ಪದ ವಿಷಯವನ್ನೂ ಅರಿತಿರಲೇಬೇಕೆಂಬುದು ನೆಂಟರ ದೃಢವಾದ ನಂಬಿಕೆ. ಹೀಗಾಗಿ ತಾಯಿಯವರನ್ನೂ ಕರೆದುಕೊಂಡು ಎಲ್ಲರೂ ಹೊರಟೆವು.

ಊರು ಬಿಡುವ ಮುನ್ನ ನಮ್ಮ ಅರಸೀಕೆರೆಯ ಶಿವಾಲಯವನ್ನು ನೋಡಿದೆವು. ೧೨೨೦ರ ಸುಮಾರಿಗೆ ಕಟ್ಟಿದ್ದು. ಅದರ ಮುಂದಿನ ನಕ್ಷತ್ರಾಕಾರದ ಮಂಟಪ ತೆರೆದದ್ದಾದುದರಿಂದ ಬೆಳಕು ಯಾರನ್ನೂ ಕೇಳದೆ ಒಳಗೆ ಬರುತ್ತದೆ. ಹಳೇಬೀಡನ್ನು ಮುಟ್ಟಿದಾಗ ಬಿಸಿಲು ಇನ್ನೂ ಓರೆಯಾಗಿತ್ತು. ೧೧೨೧ರಲ್ಲಿ ಕಟ್ಟಲಾರಂಭಿಸಿದ ಹೊಯ್ಸಳೇಶ್ವರನ ಗುಡಿಯ ಗೋಡೆಯ ಮೇಲೆ ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿಗಳು, ಕುದುರೆಗಳು—ಒಂದೊಂದೂ ತನ್ನ ನೆರಳನ್ನು ಪಕ್ಕದಲ್ಲಿಟ್ಟುಕೊಂಡು ಎದ್ದು ನಿಂತಿದ್ದವು. ಗುಡಿಯನ್ನು ಸುತ್ತಿ ನಂದಿಯ ಮಂಟಪಗಳನ್ನೂ ಅದರ ಹಿಂದಿನ ಸೂರ್ಯನ ಗುಡಿಯನ್ನೂ ನೋಡಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅವೇ ಆನೆಗಳು ಈಗ ಚಪ್ಪಟೆಯಾಗಿದ್ದವು. ತಾಯಿಯವರು ಗೋಡೆಯನ್ನು ನೋಡಿ, “ಬೆಳಿಗ್ಗೆ ಇವು ನಡೆಯುತ್ತಿದ್ದವು, ಈಗ ಮಲಗಿವೆ” ಎಂದರು. ಓರೆಬೆಳಕು ಆಳವನ್ನು ತೋರಿಸುತ್ತದೆ. ನೇರಬೆಳಕು ಅದನ್ನು ಮುಚ್ಚುತ್ತದೆ. ನನಗೆ ಆನೆಗಳಿಗಿಂತ ನಮ್ಮ ಬಾಲ್ಕನಿಯ ಮೆಟ್ಟಿಲೇ ಕಣ್ಣಿಗೆ ಕಟ್ಟಿತು. ಅದಕ್ಕೆ ಬೇಕಾದುದು ಮೇಲಿನ ದೀಪವಲ್ಲ, ಎದುರಿನ ದೀಪವೂ ಅಲ್ಲ. ಮೊಣಕಾಲಿಗಿಂತ ಕೆಳಗೆ, ಪಕ್ಕದಿಂದ ಬೀಳುವ ಸ್ವಲ್ಪ ಬೆಳಕು.

ಅಲ್ಲಿಂದ ೧೬ ಕಿಲೋಮೀಟರಿನ ಬೇಲೂರಿನಲ್ಲಿ ಉಳಿದ ಅರ್ಧ ಉತ್ತರ ದೊರೆಯಿತು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಒಳಗೆ ಜಾಲಂಧ್ರಗಳಿಂದ ಸೋಸಿ ಬಂದ ಮಬ್ಬು ಬೆಳಕು. ಮಾರ್ಗದರ್ಶಿಗಳು ಟಾರ್ಚನ್ನು ಎತ್ತಿ ಹಿಡಿದು ಮದನಿಕೆಯರನ್ನು ತೋರಿಸುತ್ತಾರೆ. ಬೇರೆಯಾಗಿ ಕಡೆದು ಕಂಬಕ್ಕೂ ಸೂರಿಗೂ ನಡುವೆ ಕೂಡಿಸಿದ ಈ ಶಿಲಾಬಾಲಿಕೆಯರು ಒಂಬೈನೂರು ವರ್ಷಗಳಿಂದ ಬಾಗಿ ನಿಂತೇ ಇದ್ದಾರೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅಂಗಳದ ಕಾರ್ತಿಕ ದೀಪೋತ್ಸವದ ಕಂಬ. ವಿಜಯನಗರದ ಕಾಲದ್ದು, ಸುಮಾರು ೪೨ ಅಡಿ ಎತ್ತರದ ಕಲ್ಲು. ಅದನ್ನು ನೆಲದಲ್ಲಿ ಹೂಳಿಲ್ಲ. ಜಗತಿಗೆ ಗಾರೆಯಿಂದ ಬೆಸೆದಿಲ್ಲ. ತನ್ನ ಭಾರದಿಂದಲೇ ನಿಂತಿದೆ. ಬುಡದ ಒಂದು ಕಡೆಯ ಸಂದಿನಲ್ಲಿ ಕಾಗದವನ್ನು ತೂರಿಸಿ ತೋರಿಸುವುದು ಅಲ್ಲಿನ ವಾಡಿಕೆ. ದೀಪಕ್ಕೆಂದು ನಿಂತ ಕಂಬ, ಒಂದು ರಂಧ್ರವನ್ನೂ ಕೊರೆಯದೆ! ಬಾಡಿಗೆಯವರಿಗಾಗಿ ಇದಕ್ಕಿಂತ ಸ್ಪಷ್ಟವಾದ ಶಾಸನವನ್ನು ಯಾವ ದಂಡನಾಯಕನು ತಾನೆ ಬರೆಯಿಸಿಯಾನು?

ಮನೆಗೆ ಬಂದು ಹತ್ತಂಗುಲದ ಒಂದು ಹೂಕುಂಡವನ್ನು ತಂದೆ. ಅದರ ನಡುವೆ ಒಂದೂವರೆ ಅಡಿಯ ಬಿದಿರನ್ನು ನಿಲ್ಲಿಸಿ ಸುತ್ತಲೂ ಮರಳು ತುಂಬಿದೆವು. ಸುಮಾರು ೧೫ ಕಿಲೋ ಭಾರ. ಬಿದಿರಿನ ತುದಿಗೆ ಎರಡು ವಾಟಿನ, ೨೭೦೦ ಕೆಲ್ವಿನ್ನಿನ, ಎರಚಲಿಗೆ ಹೆದರದ ಪುಟ್ಟ ಎಲ್‌ಇಡಿ ದೀಪ, ಒಳಗೆ ಬ್ಯಾಟರಿ. ದಿನಕ್ಕೆ ಮೂರು ಗಂಟೆ ಉರಿದರೆ ಆರು ವಾಟ್-ಗಂಟೆ. ತಿಂಗಳಿಗೆ ೧೮೦, ಎಂದರೆ ಒಂದು ಯೂನಿಟ್ಟಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ತುಂಬಿಸುವಾಗ ಪೋಲಾಗುವುದನ್ನು ಸೇರಿಸಿದರೂ ಕಾಲು ಯೂನಿಟ್ಟು. ದಿನ ಬಿಟ್ಟು ದಿನ ದೀಪವನ್ನು ಬಿಚ್ಚಿ ಒಳಗೆ ತಂದು ಮೊಬೈಲಿನ ಚಾರ್ಜರಿಗೆ ಸಿಕ್ಕಿಸುವುದು ಮಗಳ ಪಾಲಿನ ಕೆಲಸ. ಕಣ್ಣಿಗೆ ಹೊಡೆಯದಂತೆ ಮರೆಯೊಂದು ಬೇಕಾಗಿತ್ತು. ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ಊರಿನಲ್ಲಿ ಅದಕ್ಕೆ ಬರವೇ? ಅರ್ಧ ತೆಂಗಿನ ಕರಟವನ್ನು ಉಜ್ಜಿ ನುಣುಪುಮಾಡಿ ಮೇಲೆ ಬೋರಲು ಹಾಕಿದೆವು. ಈ ದೀಪಕ್ಕೆ ಕಾವು ಅಲ್ಪ. ಕರಟ ಕಪ್ಪಾಗುವ ಭಯವಿಲ್ಲ. ಬೆಳಕೆಲ್ಲ ನೆಲಕ್ಕೆ ಇಳಿದು ಮೆಟ್ಟಿಲ ಅಂಚನ್ನು ಗೆರೆ ಎಳೆದಂತೆ ತೋರಿಸಿತು.

ಯಜಮಾನರು ಮೇಲೆ ಬಂದು ಪರೀಕ್ಷಿಸಿದರು. ಮೊದಲು ನೋಡಿದ್ದು ದೀಪವನ್ನಲ್ಲ, ಗೋಡೆಯನ್ನು. ಅನಂತರ ಕುಂಡವನ್ನು ಕಾಲಿನಿಂದ ಮೆಲ್ಲನೆ ನೂಕಿದರು; ಅದು ಅಲುಗಲಿಲ್ಲ. ಬಗ್ಗಿ ಕರಟದ ಕೆಳಗೆ ಇಣುಕಿದರು. “ನಾವೂ ರಾತ್ರಿ ಕೈದೀಪ ಹಿಡಿದು ಓಡಾಡಿದವರೇ ಮೇಷ್ಟ್ರೇ. ದೀಪ ಕೆಳಗಿದ್ದರೆ ಕಾಲು ನಿಜ ಹೇಳುತ್ತದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಳಗಿನ ಅಂಗಳದ ಮೆಟ್ಟಿಲೂ ಹೀಗೆಯೇ. ಮನೆಯವಳಿಗೆ ಮಂಡಿನೋವು. ಇಂಥದ್ದು ಇನ್ನೊಂದು ಮಾಡಿಕೊಡಲಾಗುತ್ತದೆಯೇ?” ಎಂದು ಕೇಳಿದರು. ಗೋಡೆಯ ಕಾವಲಿನ ಹಿಂದೆ ಅವರಿಗೂ ಒಂದು ಹೊಸ್ತಿಲ ಚಿಂತೆ ಇದ್ದಿತೆಂದು ಆಗ ತಿಳಿಯಿತು. ಎರಡನೆಯ ಕುಂಡಕ್ಕೆ ಮರಳನ್ನು ಅವರೇ ಜರಡಿ ಹಿಡಿದರು.

ತಾಯಿಯವರು ಹೊಸ ದೀಪವನ್ನು ಒಪ್ಪಿಕೊಂಡರು. ಆದರೆ ಹಣತೆಯನ್ನು ಬಿಡಲಿಲ್ಲ. “ಅದು ನನ್ನ ಕಾಲಿಗೆ, ಇದು ತುಳಸಿಗೆ” ಎಂದು ಎರಡಕ್ಕೂ ಅದರದರ ಸ್ಥಾನವನ್ನು ನಿಗದಿಮಾಡಿದರು. ಊರಿಗೆ ಬಿಟ್ಟು ಬರುವ ಮಾತನ್ನು ನಾನಾಗಿ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ದೀಪಾವಳಿಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ನಾನು ಚೀಲ ಹಿಡಿದು ಪೇಟೆಗೆ ಹೊರಟಿದ್ದವನನ್ನು ಕರೆದು ಹೇಳಿದರು: “ಹತ್ತಿ ಸ್ವಲ್ಪ ಜಾಸ್ತಿಯೇ ತಗೊಂಡು ಬಾರಪ್ಪ. ಕಾರ್ತಿಕ ಪೂರ್ತಿ ಬತ್ತಿ ಬೇಕಾಗುತ್ತೆ.”