ಎಕ್ಸಾಸ್ಟ್ ಫ್ಯಾನಿನ ಸದ್ದಿಗೆ ಯಾವ ಮದ್ದು?

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ. ಮರುಗಳಿಗೆಯಲ್ಲೇ ಹಜಾರದಿಂದ ಕೂಗು ಬರುತ್ತದೆ: ‘ಅದನ್ನ ಆರಿಸ್ತೀಯಾ? ಏನೂ ಕೇಳಿಸ್ತಿಲ್ಲ!’ ಒಲೆಯ ಮುಂದಿದ್ದವರು ಮಾತಾಡದೆ ಸ್ವಿಚ್ ಒತ್ತುತ್ತಾರೆ. ಟೀವಿ ಕೇಳಿಸತೊಡಗುತ್ತದೆ, ಘಾಟು ಒಳಗೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ಹೊರತಂದ ಸಂಪುಟದಲ್ಲಿ, ಹೆಚ್ಚು ಕಾವಿನಲ್ಲಿ ಕರಿಯುವಾಗ ಏಳುವ ಹೊಗೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಯಲ್ಲಿದೆ. ಸದ್ದಿಗೆ ಬೇಸತ್ತು ಆರಿಸಿದ ಫ್ಯಾನಿನ ಬೆಲೆಯನ್ನು ತೆರುವುದು ಅಡುಗೆ ಮಾಡುವವರ ಶ್ವಾಸಕೋಶ. ಆದ್ದರಿಂದ ಈ ಸದ್ದನ್ನು ಇಳಿಸುವ ಕೆಲಸಕ್ಕೆ ಒಂದು ಭಾನುವಾರ ಕೊಟ್ಟರೂ ತಪ್ಪಿಲ್ಲ.

ಸದ್ದು ತಡೆಯಬೇಕೆಂದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಫೋಮು. ರೆಕಾರ್ಡಿಂಗ್ ಸ್ಟುಡಿಯೋದ ಗೋಡೆಯ ಮೇಲೆ ಕಾಣುವ, ಮೊನೆಮೊನೆಯಾದ ಬೂದು ಹಾಳೆ. ಅದು ಸಿಗದಿದ್ದರೆ ಮೊಟ್ಟೆಯ ಟ್ರೇ, ಥರ್ಮಾಕೋಲು. ಇಲ್ಲಿ ಎರಡು ಬೇರೆ ಕೆಲಸಗಳು ಕಲಸಿಹೋಗಿವೆ. ಕೋಣೆಯೊಳಗೆ ಅನುರಣಿಸುವ ಸದ್ದನ್ನು ಹೀರುವುದು ಒಂದು, ಸದ್ದು ಆಚೆ ಹೋಗದಂತೆ ತಡೆಯುವುದು ಇನ್ನೊಂದು. ಹೀರುವಿಕೆಯನ್ನು ಮೊದಲು ಅಳೆದವನು ಹಾರ್ವರ್ಡ್‌ನ ಯುವ ಅಧ್ಯಾಪಕ ವ್ಯಾಲೇಸ್ ಸಬೀನ್. ಅಲ್ಲಿನ ಫಾಗ್ ಕಟ್ಟಡದ ಉಪನ್ಯಾಸ ಸಭಾಂಗಣದಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಅನುರಣಿಸುತ್ತಿತ್ತು. ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಸಬೀನ್‌ಗೆ ಬಿತ್ತು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ದಿಂಬುಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆ ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅವನು ಅಳೆದ. ದಿಂಬು ಹೆಚ್ಚಿದಂತೆ ಅನುರಣನ ಕುಗ್ಗಿತು. ಗ್ರಾನೈಟ್ ಕಟ್ಟೆ, ಟೈಲ್ಸ್ ಗೋಡೆ, ಸ್ಟೀಲ್ ಡಬ್ಬಿಗಳ ನಮ್ಮ ಅಡುಗೆಮನೆಯೂ ಅಂಥದೇ ಗಟ್ಟಿ ಕೋಣೆ; ಅಲ್ಲಿ ಫ್ಯಾನಿನ ಸದ್ದು ಇರುವುದಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದರೆ ಹೀರುವ ವಸ್ತು ಅನುರಣನವನ್ನಷ್ಟೇ ತಗ್ಗಿಸುತ್ತದೆ, ಸದ್ದಿನ ಮೂಲವನ್ನು ಮುಟ್ಟುವುದಿಲ್ಲ.

ತೆಳು ಫೋಮಿನ ಮಿತಿ ಇನ್ನೂ ದೊಡ್ಡದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಮೋಟಾರಿನ ಕಾಂತಸೆಳೆತ ಪ್ರತಿ ಆವರ್ತದಲ್ಲಿ ಎರಡು ಸಲ ಏರುವುದರಿಂದ ಗುಂಯ್‌ಗುಡುವಿಕೆ 100ರ ಆವರ್ತದಲ್ಲಿ ಏಳುತ್ತದೆ. ಆ ಅಲೆಯ ಉದ್ದ ಸುಮಾರು 3.4 ಮೀಟರ್. ಒಂದಿಂಚು ದಪ್ಪದ ಫೋಮನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಲೆಯ ಬಳಿ ಫೋಮು ಬೇಡವೇ ಬೇಡ ಎನ್ನುವುದಕ್ಕೆ ಇದಕ್ಕಿಂತ ಗಂಭೀರ ಕಾರಣವಿದೆ. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ಎಂಬ ನೈಟ್‌ಕ್ಲಬ್ಬಿನಲ್ಲಿ, ಸದ್ದು ತಗ್ಗಿಸಲೆಂದು ವೇದಿಕೆಯ ಗೋಡೆಗೆ ಅಂಟಿಸಿದ್ದ ಪಾಲಿಯುರೆಥೇನ್ ಫೋಮಿಗೆ ಬಾಣಬಿರುಸಿನ ಕಿಡಿ ತಾಗಿ ನೂರು ಜನ ಸತ್ತರು. ಹತ್ತು ವರ್ಷದ ನಂತರ, 2013ರ ಜನವರಿಯಲ್ಲಿ, ಬ್ರೆಜಿಲ್‌ನ ಸಾಂತಾ ಮರಿಯಾ ಊರಿನ ಕಿಸ್ ನೈಟ್‌ಕ್ಲಬ್ಬಿನಲ್ಲಿ ಅದೇ ಕಥೆ, 242 ಸಾವು. ಉರಿದಾಗ ಈ ಫೋಮು ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡನ್ನೂ ಉಗುಳುತ್ತದೆ. ಅಡುಗೆಮನೆಯಲ್ಲಿ ಅದರ ಮೇಲೆ ಎಣ್ಣೆಯ ಜಿಡ್ಡೂ ಕೂರುತ್ತದೆ, ಕೆಳಗೆ ಗ್ಯಾಸ್ ಉರಿಯುತ್ತಿರುತ್ತದೆ. ಥರ್ಮಾಕೋಲೂ ಒಲೆಯ ಬಳಿ ಬೇಡ.

ಹಾಗಾದರೆ ಭಾರವಾದದ್ದೇನನ್ನಾದರೂ ಅಡ್ಡ ಇಟ್ಟು ತಡೆಯಬಹುದೇ? ಫ್ಯಾನ್ ಕೂತಿರುವುದೇ ಒಂದು ಕಿಂಡಿಯಲ್ಲಿ. ಗೋಡೆಯ ವಿಸ್ತಾರದಲ್ಲಿ ನೂರಕ್ಕೊಂದು ಪಾಲು ಕಿಂಡಿಯಿದ್ದರೆ ಸಾಕು, ಉಳಿದ ಭಾಗ ಕಲ್ಲಿನದಾದರೂ ಆ ಗೋಡೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಗಾಳಿಗೆ ದಾರಿ ಬೇಕು. ಗಾಳಿ ಹೋಗುವಲ್ಲಿ ಸದ್ದೂ ಹೋಗುತ್ತದೆ. ದಾರಿಯನ್ನೇ ಕಿರಿದು ಮಾಡಿದರೆ ಫ್ಯಾನು ಉಸಿರುಕಟ್ಟಿ ಮೊದಲಿಗಿಂತ ಜೋರಾಗಿ ಬುಸುಗುಟ್ಟುತ್ತದೆ. ಅಡುಗೆಮನೆಯ ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿದಾಗ ಆಗುವುದೂ ಇದೇ.

ವಸ್ತು ಕೊಳ್ಳುವ ಮೊದಲು ಕಿವಿಗೊಟ್ಟು ಕೇಳಬೇಕು. ಕಿರುಗುಟ್ಟಿದರೆ ಬುಷ್ ಒಣಗಿದೆ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಟ್ಟರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಟಕಟಕ ಎಂದರೆ ಹೊರಗಿನ ಪ್ಲಾಸ್ಟಿಕ್ ಪಟ್ಟಿಗಳು ಬಡಿದುಕೊಳ್ಳುತ್ತಿವೆ. ಅವು ತಾಗುವಲ್ಲಿ ಸಿಲಿಕಾನ್ ಸೀಲೆಂಟಿನ ಚುಕ್ಕೆ ಇಟ್ಟು ಒಣಗಲು ಬಿಟ್ಟರಾಯಿತು. ಇಡೀ ಕಿಟಕಿ ಅದುರುತ್ತಿದ್ದರೆ ಮೊದಲು ನೋಡಬೇಕಾದದ್ದು ರೆಕ್ಕೆಗಳನ್ನು. ವರ್ಷಗಟ್ಟಲೆಯ ಜಿಡ್ಡು ಒಂದು ರೆಕ್ಕೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಅಂಟಿ ತೂಕ ತಪ್ಪಿರುತ್ತದೆ. ಪ್ಲಗ್ ಕಿತ್ತು, ಬಿಸಿನೀರು ಸೋಪಿನಲ್ಲಿ ತಿಕ್ಕಿ ತೊಳೆಯುವುದೇ ಅತ್ಯಂತ ಅಗ್ಗದ ಚಿಕಿತ್ಸೆ.

ಗಡಗಡ ಆಮೇಲೂ ಉಳಿದರೆ ಸದ್ದು ಹುಟ್ಟುತ್ತಿರುವುದು ಫ್ಯಾನಿನಲ್ಲಾದರೂ ಹಬ್ಬುತ್ತಿರುವುದು ಚೌಕಟ್ಟಿನಿಂದ. ತಂಬೂರಿಯಲ್ಲಿ ಮೀಟುವುದು ತಂತಿಯನ್ನು, ಕೋಣೆ ತುಂಬುವುದು ಬುರುಡೆಯಿಂದ. ನಮ್ಮ ಎಷ್ಟೋ ಮನೆಗಳಲ್ಲಿ ಕಿಟಕಿಯ ಒಂದು ಗಾಜು ತೆಗೆದು, ಅಲ್ಲಿ ತಗಡೋ ತೆಳು ಅಕ್ರಿಲಿಕ್ಕೋ ಕೂರಿಸಿ, ಅದಕ್ಕೆ ಫ್ಯಾನನ್ನು ನೇರವಾಗಿ ಸ್ಕ್ರೂ ಮಾಡಿರುತ್ತಾರೆ. ಆ ತಗಡೇ ಬುರುಡೆ. ಅದನ್ನು ತೆಗೆದು 18 ಮಿಲಿಮೀಟರ್ ಪ್ಲೈವುಡ್ ಹಾಕಿಸಿದರೆ ಭಾರ ಹೆಚ್ಚಿ ಅದುರು ತಗ್ಗುತ್ತದೆ. ಪ್ಲೈವುಡ್ಡಿಗೂ ಫ್ಯಾನಿನ ಚೌಕಟ್ಟಿಗೂ ನಡುವೆ ರಬ್ಬರ್ ಪಟ್ಟಿ ಬರಬೇಕು. ಸ್ಕ್ರೂವಿನ ಮೂಲಕ ಅದುರು ದಾಟದಂತೆ ಅದರ ತಲೆಯ ಕೆಳಗೊಂದು ರಬ್ಬರ್ ವಾಷರ್, ತೂತಿನೊಳಗೊಂದು ರಬ್ಬರ್ ತೋಳೂ ಬೇಕು. ಬಹಳ ಮಂದಿ ಪಟ್ಟಿ ಹಾಕಿ, ವಾಷರ್ ಮರೆತು, ರಬ್ಬರಿನಿಂದ ಪ್ರಯೋಜನವಿಲ್ಲ ಎನ್ನುತ್ತಾರೆ. ಪೂರ್ತಿ ಬಿಗಿದು ರಬ್ಬರನ್ನು ಅಪ್ಪಚ್ಚಿ ಮಾಡಿದರೂ ಅಷ್ಟೇ.

ಯಾವ ರಬ್ಬರು ಎಂಬುದೂ ಮುಖ್ಯ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಹಾಲಾಗಿ ಇಳಿಯುವ ಸಹಜ ರಬ್ಬರಿನಷ್ಟು ಚೆನ್ನಾಗಿ ಪುಟಿಯುವ ವಸ್ತು ಅಪರೂಪ. ಆದರೆ ಎಣ್ಣೆ ತಗುಲಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಎಲ್ಲರ ಕೈಗೂ ಸಿಗುವ ಹಳೆಯ ಸೈಕಲ್ ಟ್ಯೂಬಿನ ಬ್ಯುಟೈಲ್ ರಬ್ಬರಿಗೂ ಯಂತ್ರದ ಎಣ್ಣೆ ಆಗಿಬರುವುದಿಲ್ಲ. ಬಚ್ಚಲುಮನೆಯ ಫ್ಯಾನಿಗೆ ಇವೆರಡೂ ಸರಿ. ಅಡುಗೆಮನೆಗೆ ನೈಟ್ರೈಲ್ ಅಥವಾ ನಿಯೋಪ್ರೀನ್ ಹಾಳೆ ಕೇಳಿ ಪಡೆಯಬೇಕು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಹಾರ್ಡ್‌ವೇರ್ ಬೀದಿಗಳಲ್ಲಿ ಹುಡುಕಿದರೆ ಸಿಗುತ್ತದೆ.

ರಾಕ್‌ವುಲ್ಲಿಗೂ ಒಂದು ಜಾಗವಿದೆ. ಕಲ್ಲು ಕರಗಿಸಿ ನೂತ ಈ ಉಣ್ಣೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕರಗುವುದಿಲ್ಲ, ಹತ್ತಿಕೊಳ್ಳುವುದಿಲ್ಲ. ಜಿಡ್ಡು ಹೀರಿದರೆ ಮಾತ್ರ ಆ ಜಿಡ್ಡು ಉರಿಯಬಲ್ಲದು. ಆದ್ದರಿಂದ ಒಲೆಯ ಮೇಲ್ಗಡೆ ಅದು ಬೇಡ. ಬಚ್ಚಲಿನ ಫ್ಯಾನಿಗೆ ಗೋಡೆಯ ಹೊರಗಡೆ, ಕೆಳಮುಖವಾಗಿ ಬಾಗಿದ ಪೆಟ್ಟಿಗೆ ಮಾಡಿಸಿ, ಒಳಮೈಗೆ ಎರಡಿಂಚು ರಾಕ್‌ವುಲ್ ಹಾಕಿ, ಗಾಜಿನೆಳೆಯ ಬಟ್ಟೆ ಮತ್ತು ತೂತುಗಳ ತಗಡಿನಿಂದ ಮುಚ್ಚಬಹುದು. ಪೆಟ್ಟಿಗೆಯ ಬಾಯಿ ಫ್ಯಾನಿನ ಬಾಯಿಗಿಂತ ಚಿಕ್ಕದಾಗಬಾರದು. ಇದರಿಂದ ಹೆಚ್ಚು ನೆಮ್ಮದಿ ಪಕ್ಕದ ಮನೆಯವರಿಗೇ. ನಮ್ಮ ಕಾನೂನಿನಲ್ಲಿ ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್ ಎಂಬುದು ನೆನಪಿರಲಿ. ರಾಕ್‌ವುಲ್ ಮುಟ್ಟಿ ಕೆಲಸ ಮಾಡುವಾಗ ಕೈಗವಸು, ಮಾಸ್ಕ್ ಬೇಕು.

ಇಷ್ಟಾದರೂ ರೆಕ್ಕೆ ಗಾಳಿಯನ್ನು ಸೀಳುವ ಸದ್ದಿಗೆ ಯಾವ ಹಾಳೆಯೂ ಮದ್ದಲ್ಲ. ಅದಕ್ಕೆ ವೇಗವನ್ನೇ ಇಳಿಸಬೇಕು. ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಕುಸಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಒಂದೇ ವಿನ್ಯಾಸದ ಎರಡು ಫ್ಯಾನುಗಳಲ್ಲಿ 9 ಇಂಚಿನದು ಹೊರಹಾಕುವಷ್ಟೇ ಗಾಳಿಯನ್ನು 12 ಇಂಚಿನದು ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಹೊರಹಾಕಬಲ್ಲದು. ಹೊಸದು ಕೊಳ್ಳುವವರು ಕಿಟಕಿ ಒಪ್ಪುವಷ್ಟು ದೊಡ್ಡದನ್ನೇ ತೆಗೆದುಕೊಂಡು, ಮೋಟಾರಿಗೆ ಹೊಂದುವ ಕೆಪಾಸಿಟರ್ ಮಾದರಿಯ ರೆಗ್ಯುಲೇಟರ್ ಹಾಕಿಸಿ ನಿಧಾನಕ್ಕೆ ಓಡಿಸಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಚಾಲೂ ಮಾಡಿಸಿ, ಚೌಕಟ್ಟಿನ ಮೇಲೆ ಕೈಯಿಟ್ಟು ನೋಡಿ. ಅಲ್ಲೇ ಅದುರುವ ಫ್ಯಾನನ್ನು ಮನೆಗೆ ತರಬೇಡಿ.